ಹಳ್ಳದಾಚೆಯಿಂದ ನಮ್ಮ ಶಾಸಕರಿಗೊಂದು ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರ. ನಾನು ಮಲೆನಾಡಿನ ನಿಮ್ಮ ಕ್ಷೇತ್ರದವಳು, ಹಳ್ಳದಾಚೆಯ ಊರಿನವಳು. ಹನ್ನೊಂದು ಮನೆ, ಅಷ್ಟಿಷ್ಟು ಅಡಿಕೆ ತೋಟ, ಒಂದಿಷ್ಟು ಗದ್ದೆ. ಮಳೆಗಾಲದಲ್ಲಿ ಪೇಟೆಗೆ ಹೋಗಬೇಕೆಂದರೆ ನಮಗಿರುವುದು ಒಂದು ಕಾಲುಸಂಕ, ಅಂದರೆ ಮರ ಹಾಸಿದ ಕಾಲುಸೇತುವೆ.

ಪ್ರತಿ ವರ್ಷ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ನಾವೇ ಆ ಸಂಕ ಕಟ್ಟುತ್ತಿದ್ದೆವು. ಮನೆಗೊಂದು ಆಳು, ಮನೆಗೊಂದು ಅಡಿಕೆ ಮರ. ಫಸಲು ಬಿಡುವುದು ನಿಂತ ಮರಗಳನ್ನು ಕಡಿದು, ಒತ್ತೊತ್ತಾಗಿ ಹಾಸಿ ಬಿಗಿದು, ಹಿಡಿದುಕೊಳ್ಳಲು ಪಕ್ಕದಲ್ಲಿ ಬಿದಿರು ಕಟ್ಟುತ್ತಿದ್ದೆವು. ತೋಟ ಇಲ್ಲದವರು ಹಗ್ಗ ತರುತ್ತಿದ್ದರು. ವಯಸ್ಸಾದವರಷ್ಟೇ ಇರುವ ಮನೆಯ ಪಾಲು ಅವಲಕ್ಕಿ, ಕಾಫಿ. ಅದನ್ನು ಯಾರೂ ಕಡಿಮೆ ಪಾಲು ಅಂತ ಎಣಿಸಲಿಲ್ಲ.

ಐದು ವರ್ಷದ ಹಿಂದೆ ಹಳ್ಳಕ್ಕೆ ಕಾಂಕ್ರೀಟ್ ಸೇತುವೆ ಮಂಜೂರಾಯಿತು. ಗುದ್ದಲಿ ಪೂಜೆಯ ದಿನ ಊರಿಗೆಲ್ಲ ಪಾಯಸ ಮಾಡಿದ್ದೆವು. ಎರಡು ಕಂಬ ಎದ್ದವು, ಕೆಲಸ ನಿಂತಿತು. ಯಾರ ತಪ್ಪು ಅಂತ ಜಗಳ ತೆಗೆಯಲು ನಾನು ಬರೆಯುತ್ತಿಲ್ಲ. ನನಗೆ ಜಾಸ್ತಿ ನೋವಾಗಿದ್ದು ಆಮೇಲೆ ಆದದ್ದಕ್ಕೆ. ಹೇಗೂ ಸರ್ಕಾರದ್ದು ಬರುತ್ತಲ್ಲ ಅಂತ ನಾವು ಸಂಕ ಕಟ್ಟುವುದನ್ನೇ ಬಿಟ್ಟೆವು. ಎರಡು ಮಳೆಗಾಲ ಮಕ್ಕಳು ಗುಡ್ಡ ಸುತ್ತಿ ಶಾಲೆಗೆ ಹೋದರು. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಬಾವಿ ಬತ್ತಿದೆ, ಯಾರ ಮಗ ಬೆಂಗಳೂರಲ್ಲಿ ಕೆಲಸ ಕಳೆದುಕೊಂಡಿದ್ದಾನೆ ಅನ್ನುವುದೆಲ್ಲ ತಡವಾಗಿ ಗೊತ್ತಾಗತೊಡಗಿತು. ಮೊದಲಾದರೆ ಹಗ್ಗ ಬಿಗಿಯುತ್ತಲೇ ಅದೆಲ್ಲ ಮಾತಿಗೆ ಬರುತ್ತಿತ್ತು.

ನಮ್ಮಲ್ಲಿ ಮುಯ್ಯಾಳು ಅನ್ನುವುದು ನಿಮಗೆ ಗೊತ್ತೇ ಇದೆ. ಇವತ್ತು ನಾನು ನಿನ್ನ ಗದ್ದೆಯ ನಾಟಿಗೆ, ನಾಳೆ ನೀನು ನನ್ನ ಗದ್ದೆಗೆ. ದುಡ್ಡಿನ ಮಾತಿಲ್ಲ, ದಿನಕ್ಕೆ ದಿನ. ಎರಡೆಕರೆಯವಳ ದಿನವೂ ಹತ್ತು ಗುಂಟೆಯವಳ ದಿನವೂ ಒಂದೇ ಲೆಕ್ಕ. ಹಳೆಯದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಜಾತಿ ನೋಡಿ ಕರೆಯುತ್ತಿದ್ದರು. ಕೆಲವರನ್ನು ಸುಮ್ನೆ ದುಡಿಸಿಕೊಂಡು ತಿರುಗಿ ಅವರ ಗದ್ದೆಗೆ ಕಾಲಿಡುತ್ತಿರಲಿಲ್ಲ. ಅದು ಬಿಟ್ಟಿ ಚಾಕರಿ. ಅದಕ್ಕೆ ಮುಯ್ಯಿ ಅನ್ನುವ ಹೆಸರು ಸಲ್ಲದು.

ಎರಡು ವರ್ಷದ ಹಿಂದೆ, ಜುಲೈನಲ್ಲಿ, ನಮ್ಮ ಕೆಳಗಿನ ಮನೆಯವರು ಬಿದ್ದು ಕಾಲು ಮುರಿದುಕೊಂಡರು. ಗದ್ದೆ ಉಳುಮೆ ಆಗಿತ್ತು, ಸಸಿ ಬಲಿಯುತ್ತಿತ್ತು. ಕೂಲಿಗೆ ಜನ ಸಿಗಲಿಲ್ಲ. ಒಂಬತ್ತು ಮನೆಯಿಂದ ಒಂಬತ್ತು ಹೆಂಗಸರು ಇಳಿದೆವು. ಒಂದೂವರೆ ದಿನದಲ್ಲಿ ನಾಟಿ ಮುಗಿಯಿತು. ಆ ವರ್ಷದ ಅಡಿಕೆ ಕೊಯ್ಲಿನಲ್ಲಿ ಅವರ ಹೆಂಡತಿ ಒಂಬತ್ತೂ ಮನೆಗೆ ಬಂದು ಅಡಿಕೆ ಸುಲಿದಳು. ಬೇಡ ಮಾರಾಯ್ತಿ ಅಂದರೆ ಕೇಳಲಿಲ್ಲ. "ಅಕ್ಕಾ, ನಾಳೆ ನಿಮ್ಮನ್ನು ಮತ್ತೆ ಕರೀಬೇಕಲ್ಲ" ಅಂದಳು. ದಾನ ತೆಗೆದುಕೊಂಡವಳಿಗೆ ಎರಡನೇ ಸಲ ಕೇಳಲು ಬಾಯಿ ಬರುವುದಿಲ್ಲ. ಮುಯ್ಯಿ ತೀರಿಸಿದವಳು ಧೈರ್ಯವಾಗಿ ಕೇಳುತ್ತಾಳೆ. ಮುಂದಿನ ಮೇ ತಿಂಗಳಲ್ಲಿ, ಈ ಸಲ ಸಂಕ ಕಟ್ಟೋಣ ಅಂತ ಮನೆಮನೆಗೆ ಹೋಗಿ ಕರೆದವಳೂ ಅವಳೇ. ಹನ್ನೊಂದು ಮನೆಯವರೂ ಬಂದರು.

ಹಾಗಂತ ಸೇತುವೆ ಬೇಡ ಅಂತ ಓದಿಕೊಳ್ಳಬೇಡಿ. ಜಡಿಮಳೆಯ ರಾತ್ರಿ ಹೆರಿಗೆ ನೋವು ಬಂದವಳನ್ನು ಪಾಚಿಗಟ್ಟಿದ ಅಡಿಕೆ ಮರದ ಮೇಲೆ ದಾಟಿಸುವುದು ಎಂಥ ಭಯ ಅಂತ ನನಗೆ ಗೊತ್ತು. ಜನರೇ ಮಾಡಿಕೊಳ್ಳುತ್ತಾರೆ ಬಿಡು ಅಂತ ಸರ್ಕಾರ ಕೈಕಟ್ಟಿ ಕೂರುವುದು ನ್ಯಾಯ ಅಲ್ಲ. ಆ ಎರಡು ಕಂಬದ ಮೇಲೆ ಯಾವಾಗ ಕೆಲಸ ಶುರು ಅಂತ ಒಂದು ದಿನಾಂಕ ಹೇಳಿ. ತಡ ಆಗುತ್ತದೆ ಅಂದರೆ ಅದನ್ನೂ ಹೇಳಿ. ಗೊತ್ತಾದರೆ ನಾವು ನಮ್ಮ ದಾರಿ ನೋಡಿಕೊಳ್ಳುತ್ತೇವೆ.

ಸರ್ಕಾರ ಮತ್ತು ಊರು ಕೈಜೋಡಿಸಿದ್ದಕ್ಕೆ ನಮ್ಮ ರಾಜ್ಯದಲ್ಲೇ ಹಳೆಯ ಉದಾಹರಣೆ ಇದೆ. 1904ರಲ್ಲಿ ಸಹಕಾರ ಸಂಘಗಳ ಕಾನೂನು ಬಂತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಸೇರಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಕಾನೂನು ಮೇಲಿನಿಂದ ಬಂತು. ಒಬ್ಬರ ಸಾಲಕ್ಕೆ ಇನ್ನೊಬ್ಬರು ನಿಲ್ಲುವ ನಂಬಿಕೆ ಮೊದಲೇ ಊರಿನಲ್ಲಿತ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗಲೂ ಎಷ್ಟೋ ಜನರಿಗೆ ಮೊದಲು ಕೈ ಕೊಟ್ಟವರು ಅಕ್ಕಪಕ್ಕದವರೇ. ಯಾವ ಮನೆಯಲ್ಲಿ ಎಷ್ಟು ಜನ, ಯಾರು ನಡೆಯಲಾರರು ಅನ್ನುವುದು ನೆರೆಯವರಿಗೆ ಗೊತ್ತಿರುತ್ತದೆ ಅಲ್ವಾ?

ಹಾಗಾಗಿ ನನ್ನದೊಂದು ಕೋರಿಕೆ. ಏಪ್ರಿಲ್‌ನಲ್ಲೇ ಪಂಚಾಯಿತಿಗಳಿಗೆ ಗ್ರಾಮಸಭೆ ಕರೆಯಲು ಹೇಳಿ. ಯಾವ ಹಳ್ಳಕ್ಕೆ ಸಂಕ ಬೇಕು, ಯಾವ ಕೆರೆಯ ತೂಬು ಕಟ್ಟಿಕೊಂಡಿದೆ ಅಂತ ಜನ ಅಲ್ಲಿ ಹೇಳಲಿ. ಈಗ ಸಭೆ ಕರೆಯುವುದೇ ನಾಟಿಯ ಹೊತ್ತಿಗೆ, ಹೆಂಗಸರು ಕೆಸರಲ್ಲಿರುತ್ತೇವೆ. ಸೇತುವೆ ಬರುವ ತನಕ ನಮ್ಮಂಥ ಊರುಗಳಿಗೆ ಕಬ್ಬಿಣದ ಹಗ್ಗ, ಗಟ್ಟಿ ಹಲಗೆ ಕೊಡಿಸಿ. ಕಟ್ಟಿದ್ದು ಭಾರ ತಡೆಯುತ್ತದಾ ಅಂತ ಒಬ್ಬ ಎಂಜಿನಿಯರ್ ಬಂದು ನೋಡಲಿ. ಹಳ್ಳಕ್ಕಿಳಿದು ಕೆಲಸ ಮಾಡುವವರಿಗೆ ಆ ದಿನದ ಮಟ್ಟಿಗಾದರೂ ವಿಮೆ ಇರಲಿ. ದುಡಿಮೆ ನಮ್ಮದು. ಅದನ್ನು ಗುತ್ತಿಗೆಗೆ ಕೊಡಬೇಡಿ.

ಈ ವರ್ಷದ ಸಂಕದ ಕೆಲಸ ಮೇ ಕೊನೆಯ ಭಾನುವಾರ, ಬೆಳಿಗ್ಗೆ ಏಳಕ್ಕೆ. ನೀವೂ ಬನ್ನಿ. ಹಾರ, ಮೈಕು ಏನೂ ಇರುವುದಿಲ್ಲ. ಕೆಳಗಿನ ಮನೆಯವರ ಕಾಲು ಇನ್ನೂ ಪೂರ್ತಿ ಸರಿಯಾಗಿಲ್ಲ, ಅವರ ಜಾಗದಲ್ಲಿ ಮರ ಹೊರಲು ಒಬ್ಬರು ಬೇಕು.

ಇತಿ ನಮಸ್ಕಾರಗಳು,
ಹಳ್ಳದಾಚೆಯ ಒಬ್ಬ ರೈತ ಮಹಿಳೆ