ಐದನೇ ತರಗತಿಯ ಸಂಗೀತ ಪಾಠದ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು.

ಸಂಗೀತ ತರಗತಿ ಆರಂಭವಾಗಿ ಮೂರು ತಿಂಗಳಾದರೂ ಮಕ್ಕಳು ಮನೆಯಲ್ಲಿ ಸರಳೆ ವರಸೆಯನ್ನೇ, ಅಂದರೆ ಸ್ವರಗಳ ಮೊದಲ ಪಾಠವನ್ನೇ, ಹೇಳಿಕೊಳ್ಳುತ್ತಿದ್ದಾರೆ, ವಾರ್ಷಿಕೋತ್ಸವಕ್ಕೆ ಒಂದು ಹಾಡನ್ನಾದರೂ ಕಲಿಸಬಾರದೇ ಎಂದು ತಮ್ಮಲ್ಲಿ ಹಲವರು ಕೇಳಿದ್ದೀರಿ. ಆ ತರಗತಿಯನ್ನು ನಾನೇ ತೆಗೆದುಕೊಳ್ಳುತ್ತಿರುವುದರಿಂದ ಉತ್ತರಿಸಬೇಕಾದವಳೂ ನಾನೇ.

16ನೇ ಶತಮಾನದಲ್ಲಿ ಪುರಂದರದಾಸರು ಹಾಕಿಕೊಟ್ಟದ್ದೆಂದು ಪರಂಪರೆ ನಂಬಿಕೊಂಡು ಬಂದಿರುವ ಕರ್ನಾಟಕ ಸಂಗೀತದ ಪಾಠಕ್ರಮವನ್ನೇ ನಾವು ಅನುಸರಿಸುತ್ತಿದ್ದೇವೆ. ಅದು ಮಾಯಾಮಾಳವಗೌಳ ರಾಗದಿಂದ ಆರಂಭವಾಗುವುದು ಮಕ್ಕಳಿಗೆ ಬಹಳ ಅನುಕೂಲ: ಸ-ರಿ-ಗ-ಮ ಸ್ವರಗಳ ನಡುವೆ ಎಷ್ಟೆಷ್ಟು ಅಂತರವಿದೆಯೋ ಪ-ದ-ನಿ-ಸ ಸ್ವರಗಳ ನಡುವೆಯೂ ಅಷ್ಟಷ್ಟೇ ಅಂತರವಿರುವುದರಿಂದ, ಕೆಳಗಿನ ಅರ್ಧವನ್ನು ಕಿವಿಯಲ್ಲಿ ಕೂರಿಸಿಕೊಂಡ ಮಗುವಿಗೆ ಮೇಲಿನ ಅರ್ಧ ಹೊಸದೆನಿಸುವುದಿಲ್ಲ. ಅದೇ ವರಸೆಯನ್ನು ಆದಿತಾಳದ ಎಂಟು ಅಕ್ಷರಗಳಿಗೆ (ಎಣಿಕೆಗಳಿಗೆ), ತಾಳದ ನಡೆ ಬದಲಾಗದಂತೆ ಮೂರು ಕಾಲಗಳಲ್ಲಿ, ಅಂದರೆ ಮೂರು ವೇಗಗಳಲ್ಲಿ, ಹಾಡಿದಾಗ ಲಯವೂ ಕೈಗೆ ಹತ್ತುತ್ತದೆ. ಜಂಟಿ ವರಸೆ, ಅಲಂಕಾರ, ಮಲಹರಿ ರಾಗದ ಗೀತೆಗಳು ಆಮೇಲೆ ಬಂದೇ ಬರುತ್ತವೆ.

ಆದರೆ ಇವೆಲ್ಲಕ್ಕಿಂತ ಮೊದಲು ಮಗು ಕೇಳುವುದನ್ನು ಕಲಿಯಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ತರಗತಿಯ ಮೊದಲ ಐದು ನಿಮಿಷ ಯಾರೂ ಹಾಡುವುದಿಲ್ಲ. ಆಧಾರ ಸ್ವರ ಕೊಡುವ ಶ್ರುತಿಪೆಟ್ಟಿಗೆ ಮಾತ್ರ ನುಡಿಯುತ್ತಿರುತ್ತದೆ. ಕಳೆದ ತಿಂಗಳು ಎಲ್ಲರೂ ಐದು ಮನೆ ಶ್ರುತಿಯಲ್ಲಿ (ಮನೆಯ ಸಂಖ್ಯೆ ಹೆಚ್ಚಿದಷ್ಟೂ ಶ್ರುತಿ ಎತ್ತರ) ಹಾಡುತ್ತಿದ್ದಾಗ ಒಬ್ಬ ಹುಡುಗನ ಷಡ್ಜ, ಅಂದರೆ ‘ಸ’ ಸ್ವರ, ಪ್ರತಿಸಲವೂ ಕೆಳಗೇ ಉಳಿಯುತ್ತಿತ್ತು. ಉಳಿದವರನ್ನು ಆಟಕ್ಕೆ ಬಿಟ್ಟ ಮೇಲೆ ಶ್ರುತಿಯನ್ನು ಮೂರು ಮನೆಗೆ ಇಳಿಸಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಸ’ ಒಂದನ್ನೇ ಉಸಿರಿರುವಷ್ಟು ಹೊತ್ತು ಹಿಡಿಯಲು ಹೇಳಿದೆ. ನಾಲ್ಕನೇ ಸಲಕ್ಕೆ ಶ್ರುತಿ ಸೇರಿತು. ಅದು ಅವನಿಗೇ ತಿಳಿದು, ಹಾಡುವುದನ್ನು ನಿಲ್ಲಿಸಿ, ಕಣ್ಣರಳಿಸಿ ನನ್ನ ಮುಖ ನೋಡಿದ.

ನಾನು ಚಿಕ್ಕವಳಿದ್ದಾಗ ಸಮೂಹಗಾನದ ಸಾಲಿನಲ್ಲಿ ನಿಲ್ಲಿಸಿ, “ನೀನು ಸುಮ್ಮನೆ ಬಾಯಿ ಆಡಿಸು, ದನಿ ತೆಗೆಯಬೇಡ” ಎಂದಿದ್ದರು. ಮತ್ತೆ ಬಾಯಿ ತೆರೆದು ಹಾಡಲು ನನಗೆ ಹದಿನಾರು ವರ್ಷಗಳು ಬೇಕಾದವು. ಈ ಶಾಲೆಯಲ್ಲಿ ಯಾವ ಮಗುವಿನ ಕಿವಿಗೂ ಅಂಥ ಮಾತು ಬೀಳಕೂಡದು. ಮನೆಯಲ್ಲಿ ತಾವೂ, ಪ್ರೀತಿಯ ತಮಾಷೆಗಾದರೂ ಸರಿಯೇ, “ನಿನಗೆ ಕಂಠವಿಲ್ಲ” ಎನ್ನಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನೆಂಟರು ಬಂದಾಗ ಹಾಡೆಂದು ಒತ್ತಾಯಿಸುವುದೂ ಬೇಡ.

ವಾರ್ಷಿಕೋತ್ಸವದಲ್ಲಿ ಐದನೇ ತರಗತಿಯ ಎಲ್ಲ ಮಕ್ಕಳೂ, ಒಬ್ಬರನ್ನೂ ಬಿಡದೆ, ಸರಳೆ ವರಸೆಯನ್ನೇ ಮೂರು ಕಾಲಗಳಲ್ಲಿ ಹಾಡಲಿದ್ದಾರೆ. ಅದಕ್ಕೂ ಮೊದಲು ತರಗತಿ ಹೇಗೆ ನಡೆಯುತ್ತದೆಂದು ನೋಡಬಯಸುವವರು ಯಾವುದೇ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದು ಮಕ್ಕಳ ಹಿಂದೆ ಜಮಖಾನದ ಮೇಲೆ ಕುಳಿತುಕೊಳ್ಳಬಹುದು. ಮೊದಲ ಐದು ನಿಮಿಷ ತಾವೂ ಮಾತಾಡುವಂತಿಲ್ಲ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ