ಕಾರಿನ ಲೆಕ್ಕ ಬೇರೆ, ಕಣ್ಣಿನ ಲೆಕ್ಕ ಬೇರೆ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಾಮಾಗಿದ್ದೇವೆ. ಲತಾ, ಮಗು ಇಬ್ಬರೂ ಚೆನ್ನಾಗಿದ್ದಾರೆ.

ಸುಮಾ, ನೀನು ಬರೆದ ಪತ್ರ ಬಂತು. ಅಕ್ಷರ ನಿನ್ನದು, ಬೈಗುಳ ಅಪ್ಪನದು ಅಂತ ಮೊದಲ ಸಾಲಿಗೇ ಗೊತ್ತಾಯಿತು. ಇದನ್ನೂ ನೀನೇ ಓದಿ ಹೇಳಬೇಕಲ್ಲ, ಅದಕ್ಕೆ ಮೊದಲೇ ಹೇಳುತ್ತಿದ್ದೇನೆ. ಮಧ್ಯೆ ಮಧ್ಯೆ ಹಾರಿಸಬೇಡ. ಗೇರ್ ಬಾಕ್ಸ್ ಕತೆ ನಿನಗೆ ಬೋರ್ ಆದರೂ ಪೂರ್ತಿ ಓದು, ಅವರಿಗೆ ಅದೇ ಬೇಕು.

ಅಪ್ಪ, ನಾನು ಹಳೇ ಕಾರಿಗೆ ದೊಡ್ಡ ಇಂಜಿನ್ ಕೂರಿಸಲು ಹೊರಟಿರುವ ವಿಷಯವೇ ಎರಡು ಪುಟ ತುಂಬ ಬರೆಸಿದ್ದೀರಿ. ಅಷ್ಟು ದೊಡ್ಡ ಇಂಜಿನ್ ಯಾಕೆ, ಹೌಸಿಂಗ್ ತಡೆಯುತ್ತಾ, ಓಡುವಾಗ ಜಾಯಿಂಟ್ ಕಳಚಿ ನೆಲಕ್ಕೆ ಚುಚ್ಚಿದರೆ ಗತಿ ಏನು ಅಂತ. (ಸುಮಾ, ನಿನಗೆ ಅರ್ಥ ಆಗಲಿ ಅಂತ: ಹೌಸಿಂಗ್ ಅಂದರೆ ಹಿಂದಿನ ಆಕ್ಸಲ್ ಕೂರುವ ಕವಚ, ಜಾಯಿಂಟ್ ಅಂದರೆ ಗೇರ್ ಬಾಕ್ಸಿನಿಂದ ಹಿಂದಕ್ಕೆ ಬಲ ಒಯ್ಯುವ ಉದ್ದ ಶಾಫ್ಟ್.) ಕೇಳಿದ್ದೆಲ್ಲ ಸರಿಯಾಗೇ ಕೇಳಿದ್ದೀರಿ. ಆದರೆ ಕೊನೆಯಲ್ಲಿ, ಊಟ ಆಯ್ತಾ ಅಂತ ಕೇಳುವ ಹಾಗೆ ಸುಮ್ನೆ ಒಂದು ಸಾಲು: "ಕಣ್ಣಿನ ಆಪರೇಷನ್ ಮುಂದಕ್ಕೆ ಹಾಕಿದ್ದೇನೆ, ನಿನಗೂ ಈಗ ಕಾರಿನ ಖರ್ಚು ಇದೆಯಲ್ಲ."

ಇದೇನಪ್ಪ ಇದು? ಕಾರಿನ ಲೆಕ್ಕ ಬೇರೆ, ಕಣ್ಣಿನ ಲೆಕ್ಕ ಬೇರೆ. ಆಪರೇಷನ್ ದುಡ್ಡು ಸುಮಾ ಖಾತೆಗೆ ಯಾವತ್ತೋ ಹಾಕಿ ಆಗಿದೆ, ಬೇಕಾದರೆ ಅವಳನ್ನೇ ಕೇಳಿ, ಪಕ್ಕದಲ್ಲೇ ಕೂತಿದ್ದಾಳೆ. ಕಾರಿಗೆ ನಾನು ಒಂದು ಪೈಸೆ ಸಾಲ ಮಾಡಿಲ್ಲ. ಗಿರೀಶ ಮಾವ ಏನಾದರೂ ಹೇಳಿರಬೇಕು. ಅವರಿಗೆ ಒಂದು ಫೋಟೋ ಕಳಿಸಿದರೆ ಮೂರು ಕತೆ ಹುಟ್ಟುತ್ತವೆ.

ಸರಿ, ಕಾರಿನ ವಿಷಯ ವಿವರವಾಗಿ ಹೇಳಿಬಿಡುತ್ತೇನೆ. ಅನುಮಾನ ಇಟ್ಟುಕೊಂಡು ನೀವು ಆಸ್ಪತ್ರೆ ಕಡೆ ಹೋಗುವುದಿಲ್ಲ ಅಂತ ಗೊತ್ತು.

ಗಾಡಿ 1972ರ ಡಾಟ್ಸನ್ 240ಝೆಡ್. ನಿಸಾನ್ ಕಂಪನಿಯದ್ದೇ, ಆಗ ಅಮೆರಿಕಕ್ಕೆ ಡಾಟ್ಸನ್ ಹೆಸರಲ್ಲಿ ಕಳಿಸುತ್ತಿದ್ದರು. ಎರಡೇ ಸೀಟು, ಉದ್ದ ಮೂತಿ, ತೂಕ ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಸಾಲಾಗಿ ಆರು ಸಿಲಿಂಡರ್, 2.4 ಲೀಟರ್, ಎರಡು ಕಾರ್ಬ್ಯುರೇಟರ್. ಕಂಪನಿ ಲೆಕ್ಕದಲ್ಲಿ 151 ಹಾರ್ಸ್ ಪವರ್. ಆದರೆ ಅದು ಹಳೇ ಕಾಲದ ಅಳತೆ, ಗಾಡಿಯಲ್ಲಿ ಇಂಜಿನ್‌ಗೆ ತಗಲಿಕೊಳ್ಳುವ ಸಾಮಾನೆಲ್ಲ ಕಳಚಿಟ್ಟು ಬರೀ ಇಂಜಿನ್ ಓಡಿಸಿ ಅಳೆಯುತ್ತಿದ್ದರು. ರಸ್ತೆ ಮೇಲೆ ಅಷ್ಟು ಸಿಗುವುದಿಲ್ಲ. ನಾನು ಕೂರಿಸಲು ಹೊರಟಿರುವುದು ಅದೇ ಪೈಕಿಯ 2.8 ಲೀಟರ್ ಟರ್ಬೊ, 1981ರಿಂದ 1983ರವರೆಗೆ 280ಝೆಡ್‌ಎಕ್ಸ್‌ನಲ್ಲಿ ಬಂದದ್ದು. ಇದರದ್ದು 180 ಹಾರ್ಸ್ ಪವರ್, ಎಲ್ಲಾ ಸಾಮಾನು ಹಾಕಿ ಅಳೆದದ್ದು. ಹಾಗಾಗಿ ಕಾಗದದ ಮೇಲೆ ಕಾಣುವುದಕ್ಕಿಂತ ವ್ಯತ್ಯಾಸ ದೊಡ್ಡದು. ಮೌಂಟಿಂಗ್ ಮಾತ್ರ ಅದೇ ಜಾಗಕ್ಕೆ ಕೂರುತ್ತದೆ, ಅಷ್ಟು ಪುಣ್ಯ.

ಇಲ್ಲಿನ ಜನ ಮೊದಲು ಇಂಜಿನ್ ಇಳಿಸಿ, ಸದ್ದು ಮಾಡಿ, ವಿಡಿಯೋ ತೆಗೆದು, ಆಮೇಲೆ ಹಿಂದೆ ಏನು ಮುರಿಯಿತು ಅಂತ ಬಗ್ಗಿ ನೋಡುತ್ತಾರೆ. ನಾನು ಆ ಪೈಕಿ ಅಲ್ಲ. ಇಂಜಿನ್ ಇನ್ನೂ ಸ್ಟ್ಯಾಂಡ್ ಮೇಲೇ ಇದೆ. ಚಕ್ರದ ಕಡೆಯಿಂದ ಮುಂದಕ್ಕೆ ಕೆಲಸ ಮುಗಿಸಿಕೊಂಡು ಬರುತ್ತಿದ್ದೇನೆ.

ಯಾಕೆ ಅಂದರೆ, ಲೆಕ್ಕ ನೋಡಿ. ಈ ಟರ್ಬೊ ಇಂಜಿನ್ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 275 ನ್ಯೂಟನ್ ಮೀಟರ್. ಕ್ಲಚ್ ಪ್ಲೇಟ್ ನೋಡುವುದು ಅಷ್ಟನ್ನೇ. ಒಂದನೇ ಗೇರಿನಲ್ಲಿ ಅದು ಸುಮಾರು ಮೂರೂವರೆ ಪಟ್ಟಾಗಿ ಜಾಯಿಂಟ್ ಶಾಫ್ಟಿಗೆ ಬರುತ್ತದೆ. ಎರಡು ಚಕ್ರಕ್ಕೂ ಬಲ ಹಂಚುವ ಡಿಫ್ರೆನ್ಷಿಯಲ್ ಒಳಗಿನ ಹಲ್ಲಿನ ಜೋಡಿ, ಕ್ರೌನ್ ಪಿನಿಯನ್, ಅದನ್ನು ಇನ್ನೂ 3.54 ಪಟ್ಟು ಮಾಡುತ್ತದೆ. ಒಟ್ಟು ಹನ್ನೆರಡು ಪಟ್ಟು, ಅಂದರೆ 3,300 ದಾಟಿತು. ಅಲ್ಲಿಂದ ಚಕ್ರಗಳಿಗೆ ಹೋಗುವ ಎರಡು ಹಾಫ್ ಶಾಫ್ಟ್ ಹಂಚಿಕೊಂಡರೂ ಒಂದೊಂದಕ್ಕೆ 1,600ರ ಮೇಲೆ. ಲೋಡ್ ಗಾಡಿ ಏರಿನಲ್ಲಿ ಗೇರ್ ಬಾಕ್ಸ್ ಒಡೆದುಕೊಂಡದ್ದಕ್ಕಿಂತ ಆಕ್ಸಲ್ ಮುರಿದುಕೊಂಡದ್ದೇ ಜಾಸ್ತಿ ಅಂತ ನೀವೇ ಹೇಳುತ್ತಿದ್ದಿರಿ ಅಲ್ವಾ? ಕಾರಣ ಇದೇ.

ಹಳೇ ಡಿಫ್ರೆನ್ಷಿಯಲ್ ತೆಗೆದಿಟ್ಟಿದ್ದೇನೆ. ಅದರ ಹೆಸರು ಆರ್-180, ಕ್ರೌನ್ ವೀಲ್ 180 ಮಿಲಿಮೀಟರ್ ಅಂತ ಅರ್ಥ. ಹಾಕಿರುವುದು ಆರ್-200, ಹೆಸರೇ ಹೇಳುವ ಹಾಗೆ 200 ಮಿಲಿಮೀಟರ್. ಇಪ್ಪತ್ತೇ ಮಿಲಿಮೀಟರ್ ಜಾಸ್ತಿ ಅನ್ನಬೇಡಿ. ಎರಡನ್ನೂ ಪಕ್ಕಪಕ್ಕ ಬೆಂಚಿನ ಮೇಲಿಟ್ಟರೆ ಹಲ್ಲಿನ ದಪ್ಪ ನೋಡಿಯೇ ಸಮಾಧಾನ ಆಗುತ್ತದೆ. 1975ರಿಂದ ಬಂದ 280ಝೆಡ್‌ಗೆ ಕಂಪನಿಯೇ ಇದನ್ನು ಹಾಕುತ್ತಿತ್ತು, ಹಾಗಾಗಿ ನಾನೇನೂ ಹೊಸದಾಗಿ ಕಂಡುಹಿಡಿದಿಲ್ಲ. ಇದನ್ನು ಹಿಂದುಗಡೆಯಿಂದ ಹಿಡಿಯುವ ಪಟ್ಟಿಯೊಂದಿದೆ, ಮೀಸೆ ಆಕಾರದ್ದು, ಹೆಸರೂ ಮೀಸೆ ಪಟ್ಟಿ ಅಂತಲೇ. ಅದೂ 280ರದ್ದೇ ಬೇಕು, ಹಳೆಯದರ ತೂತು ಹೊಂದುವುದಿಲ್ಲ.

ಇದರಲ್ಲಿ ನಿಮಗೆ ಇಷ್ಟ ಆಗುವ ಸಂಗತಿ ಒಂದಿದೆ. ಈ ಗಾಡಿಯಲ್ಲಿ ಡಿಫ್ರೆನ್ಷಿಯಲ್ ಗಾಡಿಯ ಮೈಗೇ ಸೇರಿಕೊಂಡಿರುತ್ತದೆ, ಲಾರಿ ಹೌಸಿಂಗ್ ತರ ಚಕ್ರದ ಜೊತೆ ಮೇಲೆ ಕೆಳಗೆ ಆಡುವುದಿಲ್ಲ. ಆಕ್ಸಿಲರೇಟರ್ ಒತ್ತಿದ ತಕ್ಷಣ ಪಿನಿಯನ್ ಕ್ರೌನ್ ಮೇಲೆ ಹತ್ತಲು ನೋಡುತ್ತದೆ, ಡಿಫ್ರೆನ್ಷಿಯಲ್ ಮೂತಿ ಮೇಲಕ್ಕೆ ಎದ್ದುಕೊಳ್ಳುತ್ತದೆ. ಅದನ್ನು ಹಿಡಿದಿಡಲು ಕೆಳಗೊಂದು ರಬ್ಬರ್ ಮೌಂಟಿಂಗ್, ಮೇಲೊಂದು ಬೆಲ್ಟ್. ನನ್ನ ಗಾಡಿಯಲ್ಲಿ ಗೇರ್ ಬಿಟ್ಟಾಗಲೆಲ್ಲ ಸೀಟಿನ ಹಿಂದೆ "ಢಣ್" ಅನ್ನುತ್ತಿತ್ತು. ಕೆಳಗೆ ಮಲಗಿ ಮೂತಿಗೆ ಸಬ್ಬಲ್ ಕೊಟ್ಟು ಮೀಟಿದೆ. ರಬ್ಬರ್ ಬಾಯಿ ತೆರೆದ ಹಾಗೆ ಎರಡು ಹೋಳಾಯಿತು, ಒಳಗಿನ ತುಕ್ಕು ಪುಡಿಪುಡಿಯಾಗಿ ಮುಖದ ಮೇಲೇ ಬಿತ್ತು. ಹಳೇ ಇಂಜಿನ್‌ಗೇ ಈ ಗತಿ. ಈಗ ಗಟ್ಟಿ ಮೌಂಟಿಂಗ್ ಹಾಕಿ, ಮೇಲೆ ಬೆಲ್ಟ್ ಬದಲು ಕಬ್ಬಿಣದ ಪಟ್ಟಿಯನ್ನೇ ಕೂರಿಸಿದ್ದೇನೆ. ಸ್ವಲ್ಪ ಗೊಂಯ್ ಅನ್ನುವ ಸದ್ದು ಒಳಗೆ ಕೇಳುತ್ತದಂತೆ. ಕೇಳಲಿ ಬಿಡಿ.

ಹಾಫ್ ಶಾಫ್ಟುಗಳೂ 280ರವೇ, ಅವುಗಳ ತುದಿ ಬಾಗಲು ಬಿಡುವ ನಾಲ್ಕೂ ಕ್ರಾಸ್ ಹೊಸದು. ಚಕ್ರದ ಕಡೆಯ ಸ್ಟಬ್ ಆಕ್ಸಲ್ ಹಳೆಯದರಲ್ಲಿ 25 ಹಲ್ಲು, ಈಗ ಹಾಕಿರುವುದರಲ್ಲಿ 27. ಇದರಲ್ಲಿ ಹೇಳುವಂಥದ್ದು ಇನ್ನೇನಿಲ್ಲ, ಬೇರಿಂಗ್ ಕೀಳುವಾಗ ಕೈ ತರಚಿತು, ಅದನ್ನು ಅಮ್ಮನಿಗೆ ಹೇಳಬೇಡ ಸುಮಾ.

ಗೇರ್ ಬಾಕ್ಸ್ ಹಳೆಯದು ನಾಲ್ಕು ಗೇರಿನದು. ಈಗ ಬೋರ್ಗ್‌ವಾರ್ನರ್ ಟಿ-5, ಐದು ಗೇರ್. 1982ರಿಂದ ಕಂಪನಿಯೇ ಆ ಟರ್ಬೊ ಜೊತೆ ಕೊಡುತ್ತಿದ್ದದ್ದು. ಅದನ್ನು ಹೊರಲು ಕೆಳಗಿನ ಕ್ರಾಸ್ ಮೆಂಬರ್ (ಅಡ್ಡ ಪಟ್ಟಿ) ಬೆಸುಗೆ ಹಾಕಿ ಬೇರೆ ಮಾಡಿಸಿದೆ. ಕ್ಲಚ್ 225 ಮಿಲಿಮೀಟರ್ ಇದ್ದದ್ದು 240 ಆಯಿತು. ಇಲ್ಲಿ ಬಹಳ ಜನ ಎಡವುತ್ತಾರೆ. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಎತ್ತರ ಬದಲಾದರೆ, ಅದನ್ನು ಬಿಡಿಸುವ ರಿಲೀಸ್ ಬೇರಿಂಗ್ ಕೂರುವ ಕಾಲರ್ ಕೂಡ ಅದರ ಜೋಡಿಯದ್ದೇ ಬೇಕು. ಇಲ್ಲದಿದ್ದರೆ ಗೇರ್ ಬಾಕ್ಸ್ ಕೂರಿಸಿ, ಎಲ್ಲಾ ಬಿಗಿದು, ಪೆಡಲ್ ಒತ್ತಿದರೆ ಕ್ಲಚ್ ಬಿಡುವುದೇ ಇಲ್ಲ, ಮತ್ತೆ ಎಲ್ಲಾ ಇಳಿಸಬೇಕು. ನಾನು ಅಳೆದು ನೋಡಿಯೇ ಹಾಕಿದ್ದೇನೆ.

ಈಗ ನಿಮ್ಮ ದೊಡ್ಡ ಭಯ, ಜಾಯಿಂಟ್. ಗೇರ್ ಬಾಕ್ಸ್ ಉದ್ದವೂ ಬೇರೆ, ಹಿಂದಿನ ಫ್ಲ್ಯಾಂಜೂ ಬೇರೆ ಆದ್ದರಿಂದ ಶಾಫ್ಟ್ ಹೊಸದಾಗಿ ಮಾಡಿಸಿದೆ. ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ ಅಳತೆ ಕೊಟ್ಟೆ, ಜ್ಯಾಕ್ ಮೇಲಿದ್ದಾಗ ಅಲ್ಲ. ಬ್ಯಾಲೆನ್ಸ್ ಮಾಡಿಸಿದ್ದೇನೆ. ಎರಡು ಕಡೆಯ ಯೋಕ್, ಅಂದರೆ ಕ್ರಾಸ್ ಹಿಡಿಯುವ ಕವಲು, ಒಂದೇ ಗೆರೆಯಲ್ಲಿವೆ. ನೀವು ಚಾಕ್‌ಪೀಸಿನಲ್ಲಿ ಗುರುತು ಹಾಕದೆ ಜಾಯಿಂಟ್ ಬಿಚ್ಚಿದ ಹುಡುಗರಿಗೆ ಕೊಡುತ್ತಿದ್ದ ಬೈಗುಳ ನನಗೆ ಇನ್ನೂ ನೆನಪಿದೆ. ಗೇರ್ ಬಾಕ್ಸಿನ ಓರೆ ಮತ್ತು ಪಿನಿಯನ್ ಓರೆ ಒಂದಕ್ಕೊಂದು ಸಮಾನಾಂತರ ಇರುವ ಹಾಗೆ ಶಿಮ್, ಅಂದರೆ ತೆಳು ತಗಡು, ಇಟ್ಟಿದ್ದೇನೆ, ಇಲ್ಲದಿದ್ದರೆ ಸ್ಪೀಡಿನಲ್ಲಿ ನಡುಕ ಬರುತ್ತದೆ. ಮುಂದಿನ ಕ್ರಾಸ್ ಹತ್ತಿರ ಶಾಫ್ಟ್ ಸುತ್ತ ದಪ್ಪ ಕಬ್ಬಿಣದ ಬಳೆ ಹಾಕಿ ಗಾಡಿಯ ಮೈಗೆ ಬೋಲ್ಟ್ ಮಾಡಿದ್ದೇನೆ. ಅಕಸ್ಮಾತ್ ಕ್ರಾಸ್ ಹೋದರೂ ಶಾಫ್ಟ್ ನೆಲಕ್ಕೆ ಬೀಳುವುದಿಲ್ಲ. ಸಾಕಾ?

ಬ್ರೇಕ್ ಬಗ್ಗೆ ನೀವು ಕೇಳಿಲ್ಲ, ಕೇಳುವ ಮೊದಲೇ ಹೇಳುತ್ತೇನೆ. ಮುಂದೆ ಟೊಯೋಟಾ ಪಿಕಪ್‌ನ ನಾಲ್ಕು ಪಿಸ್ಟನ್ ಕ್ಯಾಲಿಪರ್ ಹಾಕಿದ್ದೇನೆ. ರೇಡಿಯೇಟರೂ ದೊಡ್ಡದು.

ಇಲ್ಲಿನ ವಿಚಿತ್ರ ಒಂದಿಷ್ಟು ಕೇಳಿ. ಗುಜರಿ ಅಂಗಡಿಗೆ ನಮ್ಮದೇ ಸ್ಪ್ಯಾನರ್ ತೆಗೆದುಕೊಂಡು ಹೋಗಬೇಕು. ಒಳಗೆ ಹೋಗಲಿಕ್ಕೇ ಟಿಕೆಟ್. ಎಕರೆಗಟ್ಟಲೆ ಗಾಡಿ ಸಾಲಾಗಿ ನಿಲ್ಲಿಸಿರುತ್ತಾರೆ, ಬೇಕಾದ್ದು ನಾವೇ ಬಿಚ್ಚಿಕೊಂಡು ಗೇಟಿನಲ್ಲಿ ದುಡ್ಡು ಕೊಡಬೇಕು. ಆರ್-200 ಸಿಕ್ಕಿದ್ದೂ ಹೀಗೇ, ತಳ್ಳುಗಾಡಿಯಲ್ಲಿ ನೂಕಿಕೊಂಡು ಬಂದೆ. ನಿಮ್ಮನ್ನು ಕರೆದುಕೊಂಡು ಹೋದರೆ ಸಂಜೆ ಆದರೂ ಹೊರಗೆ ಬರುವುದಿಲ್ಲ. ಇನ್ನೊಂದು, ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಳೆಯ ಪೆಟ್ರೋಲ್ ಗಾಡಿಗೆ ಹೊಗೆ ತಪಾಸಣೆಯೇ ಇಲ್ಲ. ನನ್ನದು 72ರದ್ದು, ಬಚಾವ್. 76ರದ್ದಾಗಿದ್ದರೆ ಈ ಇಂಜಿನ್ ಬದಲಿಸುವ ಮಾತು ಎತ್ತುತ್ತಲೇ ಇರಲಿಲ್ಲ.

ಅಮ್ಮ, ನಾನು ರೇಸಿಗೆ ಹೋಗುವುದಿಲ್ಲ. ಭಾನುವಾರ ಬೆಳಿಗ್ಗೆ ಒಂದು ಸುತ್ತು, ಅಷ್ಟೇ. ಆಫೀಸಿಗೆ ಬೇರೆ ಗಾಡಿ ಇದೆ. ಸೀಟ್ ಬೆಲ್ಟ್ ಹೊಸದು. ಸಾಮಾನೆಲ್ಲ ಸೆಕೆಂಡ್ ಹ್ಯಾಂಡ್, ಕೂಲಿ ನನ್ನದೇ.

ಅಪ್ಪ, ಈಗ ಕಣ್ಣು. ಪೊರೆ ಪೂರ್ತಿ ಬಲಿಯಲಿ ಆಮೇಲೆ ತೆಗೆಸೋಣ ಅನ್ನುವುದು ಹಿಂದಿನ ಮಾತು. ಬಲಿತಷ್ಟೂ ಗಟ್ಟಿಯಾಗುತ್ತದೆ, ತೆಗೆಯುವುದು ಕಷ್ಟವಾಗುತ್ತದೆ. ಈಗಲೇ ಹೋದರೆ ಎರಡು ಮೂರು ಮಿಲಿಮೀಟರ್ ಸೀಳಿ, ಶಬ್ದದ ಅಲೆಯಲ್ಲಿ ಪೊರೆ ಪುಡಿ ಮಾಡಿ ಹೀರಿ, ಹೊಸ ಲೆನ್ಸ್ ಇಡುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ನಿಮಗೆ ಸಕ್ಕರೆ ಇದೆಯಲ್ಲ, ಅದನ್ನು ಹತೋಟಿಯಲ್ಲಿ ಇಟ್ಟುಕೊಂಡು ಹೋಗಬೇಕು, ಡಾಕ್ಟರಿಗೆ ಮಾತ್ರೆಗಳ ಹೆಸರೆಲ್ಲ ಹೇಳಬೇಕು. ಎಡಗಣ್ಣಿನಲ್ಲಿ ರಾತ್ರಿ ಹೆಡ್‌ಲೈಟ್ ಒಡೆದೊಡೆದು ಕಾಣುತ್ತದೆ ಅಂತ ಸುಮಾ ಬೇರೆ ಚೀಟಿಯಲ್ಲಿ ಬರೆದಿದ್ದಾಳೆ. ನೀವು ಹೇಳಬೇಡ ಅಂದಿದ್ದಿರಂತೆ. ಹಾಗೆ ಕಾಣುತ್ತಿದ್ದರೂ ಸ್ಕೂಟರ್ ಓಡಿಸುತ್ತೀರಿ, ನನಗೆ ಜಾಯಿಂಟ್ ಬಗ್ಗೆ ಹೇಳುತ್ತೀರಿ!

ಹಟ ಮಾಡಿದರೆ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಆಪರೇಷನ್ ಆಗುವವರೆಗೆ ಇಂಜಿನ್ ಸ್ಟ್ಯಾಂಡಿನಿಂದ ಇಳಿಯುವುದಿಲ್ಲ. ಬೆದರಿಕೆ ಅಂತಲೇ ಇಟ್ಟುಕೊಳ್ಳಿ. ದುಡ್ಡಿಗೆ ತೊಂದರೆ ಇಲ್ಲ, ಇನ್ನೊಂದು ಸಲ ಹೇಳುತ್ತೇನೆ, ತೊಂದರೆ ಇಲ್ಲ. ಲತಾ ಕೂಡ ಇದನ್ನೇ ಬರೆಯಲು ಹೇಳಿದಳು.

ಸುಮಾ, ಡಾಕ್ಟರ್ ಹೊಸ ತಾರೀಕು ಯಾವಾಗ ಕೊಟ್ಟರು ಅಂತ ಫೋನ್ ಮಾಡಿ ಹೇಳು, ಪತ್ರ ಬೇಡ. ಸ್ಕೂಟರ್ ಕೀಲಿ ನಿನ್ನ ಹತ್ತಿರ ಇಟ್ಟುಕೋ. ಪದ್ಮಕ್ಕನಿಗೆ ಆಮೇಲೆ ಬರೆಯುತ್ತೇನೆ ಅಂತ ಹೇಳು. ಮಗು ಎದ್ದಿದೆ, ಕೂಗುತ್ತಿದೆ, ಇಷ್ಟಕ್ಕೆ ನಿಲ್ಲಿಸುತ್ತೇನೆ.

ಇಂತಿ ನಿಮ್ಮ,
ರವಿ