ಗೆಳೆಯನಿಗೊಂದು ಪತ್ರ: ಕೃಪಾಬಾಯಿ ಬರೆದ ಕಮಲಾ

ಲೋ ಗೆಳೆಯ,

ಹೋದ ಸಲ ಬಂದಾಗ ಇಂದಿರಾಬಾಯಿ ಕಾದಂಬರಿ ಕೈಗಿಟ್ಟು "ನಮ್ಮ ಕಡೆಯೋರು ಬರೆದದ್ದು, 1899ರಲ್ಲೇ ವಿಧವೆಗೆ ಮದುವೆ ಮಾಡಿಸಿದಾರೆ ನೋಡು" ಅಂತ ಎದೆ ಉಬ್ಬಿಸ್ಕೊಂಡು ಹೇಳಿದ್ಯಲ್ಲ, ಓದಿ ಮುಗಿಸ್ದೆ ಕಣೋ. ಅದನ್ನ ಬರೆದ ಗುಲ್ವಾಡಿ ವೆಂಕಟರಾಯರ ಬಗ್ಗೆ ಜಗಳ ಇಲ್ಲ. ಆದ್ರೆ ಅದಕ್ಕೂ ಐದು ವರ್ಷ ಮುಂಚೆ, 1894ರಲ್ಲಿ, ಮದ್ರಾಸಲ್ಲಿ ಒಬ್ಬ ಹೆಂಗಸು ಇಂಥದ್ದೇ ಚಿಕ್ಕ ವಯಸ್ಸಿನ ವಿಧವೆ ಕತೆ ಬರೆದು, ಕೊನೇಲಿ ಅವಳಿಗೆ ಮತ್ತೆ ಮದುವೆ ಮಾಡಿಸ್ಲೇ ಇಲ್ಲ, ಅದು ಗೊತ್ತಾ ನಿಂಗೆ?

ಕೃಪಾಬಾಯಿ ಸತ್ಯನಾಥನ್ ಅಂತ. ಹುಟ್ಟಿದ್ದು 1862ರಲ್ಲಿ ಅಹಮದ್‌ನಗರದಲ್ಲಿ, ಬ್ರಾಹ್ಮಣರಾಗಿದ್ದು ಕ್ರೈಸ್ತರಾದ ಮರಾಠಿ ಮನೆ. ಡಾಕ್ಟರ್ ಆಗ್ಬೇಕು ಅಂತ ಹಟ ಹಿಡಿದವಳು, ಇಂಗ್ಲೆಂಡಿಗೆ ಹೋಗೋ ಅವಕಾಶ ಬಂದ್ರೂ ಆರೋಗ್ಯ ತಡ್ಯಲ್ಲ ಅಂತ ಬಿಡಬೇಕಾಗಿ ಬಂತು, 1878ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದ್ಲು, ಒಂದೇ ವರ್ಷಕ್ಕೆ ಮೈ ಕೈಕೊಟ್ಟು ಅದೂ ನಿಂತೋಯ್ತು. ಆಮೇಲೆ ಸ್ಯಾಮ್ಯುಯೆಲ್ ಸತ್ಯನಾಥನ್ ಜೊತೆ ಮದುವೆ ಆಗಿ ಊಟಿಗೆ ಹೋದವಳು ಅಲ್ಲಿ ಮುಸ್ಲಿಂ ಹುಡುಗೀರಿಗೆ ಒಂದು ಸ್ಕೂಲು ಶುರು ಮಾಡಿದ್ಲು. ಪತ್ರಿಕೆಗಳಿಗೆ 'ಒಬ್ಬ ಭಾರತೀಯ ಮಹಿಳೆ' ಅಂತ ಹೆಸರು ಮುಚ್ಚಿಟ್ಟು ಇಂಗ್ಲಿಷಲ್ಲಿ ಬರೀತಿದ್ಲು. ಮೊದಲ ಕಾದಂಬರಿ ಸಗುಣಾ ಹೆಚ್ಚುಕಮ್ಮಿ ಅವಳದೇ ಬದುಕು. ಎರಡನೇದೇ ಈ ಕಮಲಾ.

ಕಮಲಾ ಓದ್ತಾ ನನಗೆ ನಮ್ಮಜ್ಜಿ ಮನೆ ಒಳಗೇ ಕೂತಂಗಾಯ್ತು. ಬೆಟ್ಟದ ಮೇಲೆ ಸನ್ಯಾಸಿ ಥರ ಇರೋ ಅಪ್ಪನ ಜೊತೆ ಆಡ್ಕೊಂಡು ಬೆಳೆದ ಹುಡುಗಿ, ಗಣೇಶ ಅನ್ನೋನ ಜೊತೆ ಮದುವೆ ಆಗಿ ಅತ್ತೆ ನಾದಿನಿಯರ ಮಧ್ಯೆ ಬಂದು ಬೀಳ್ತಾಳೆ. ಗಂಡ ಕೆಟ್ಟೋನಲ್ಲ, ಅದೇ ತಾಪತ್ರಯ. ಹೆಂಡ್ತಿಗೆ ಓದು ಕಲಿಸೋಣ ಅಂತ ಕೂರಿಸ್ಕೊಳ್ತಾನೆ, ಅತ್ತೆಗೆ ಹೊಟ್ಟೇಲಿ ಬೆಂಕಿ ಬೀಳತ್ತೆ, ಎಲ್ಲಿ ಮಗ ಕೈತಪ್ಪಿ ಹೋಗ್ತಾನೋ ಅಂತ.

ನಮ್ಮಜ್ಜಿಗೆ ಹೀಗೇ ಆಗಿತ್ತು ಕಣೋ. ತಾತ ರಾತ್ರಿ ಹೊತ್ತು ಸ್ಲೇಟ್ ಹಿಡಿದು ಕಲಿಸ್ತಿದ್ರಂತೆ, ಕಾಗುಣಿತ ಮುಗಿಯೋ ಹೊತ್ತಿಗೆ ಮುತ್ತಜ್ಜಿ ಆ ಸ್ಲೇಟನ್ನ ಅಟ್ಟಕ್ಕೆ ಎಸೆದುಬಿಟ್ರಂತೆ, ತಾತ ಸುಮ್ನಾಗಿಬಿಟ್ರು. ಹಂಗಾಗಿ ಅಜ್ಜಿಗೆ ಒತ್ತಕ್ಷರ ಕೊನೇವರೆಗೂ ಬರಲೇ ಇಲ್ಲ. ಮದುವೆ ಕಾರ್ಡ್ ಬಂದ್ರೆ 'ಲಕ್ಷ್ಮಿ'ನ 'ಲಕಿ' ಅಂತ ಓದಿ ತಾನೇ ನಗ್ತಿದ್ಲು. ನಾವೂ ನಗ್ತಿದ್ವಿ, ಏನು ಗೊತ್ತಿತ್ತು ಆಗ.

ಗಣೇಶ ಆಮೇಲೆ ಸಾಯಿ ಅನ್ನೋ ಓದಿದ ಚುರುಕಿನ ಹೆಂಗಸಿನ ಹಿಂದೆ ಬೀಳ್ತಾನೆ (ಸೊಸೆಗೆ ಓದು ಬೇಡ ಅಂದ ಮನೇಲಿ ಬೆಳೆದೋನು!). ಕಮಲಾ ಮನೆ ಬಿಡ್ತಾಳೆ, ಅವನು ಸಾಯ್ತಾನೆ, ಮಗೂನೂ ಹೋಗತ್ತೆ. ಚಿಕ್ಕಂದಿನಿಂದ ಅವಳನ್ನ ಬಲ್ಲ ರಾಮಚಂದ್ರ ಮದುವೆ ಆಗ್ತೀನಿ ಅಂತಾನೆ, ಒಳ್ಳೇ ಮನುಷ್ಯ, ಅವಳಿಗೂ ಮನಸ್ಸಿದೆ. ಆದ್ರೂ ಒಲ್ಲೆ ಅಂದು, ದಾನಧರ್ಮ ಮಾಡ್ಕೊಂಡು ಜೀವನ ಕಳೀತಾಳೆ.

ನನಗೆ ಸಿಟ್ಟು ಬಂದು ಫೋನ್ ಮಂಚದ ಮೇಲೆ ಎಸೆದೆ. ನಿಮ್ಮ ಇಂದಿರಾ ಭಾಸ್ಕರನ್ನ ಮದುವೆ ಆದಾಗ ಎಷ್ಟು ಹಾಯ್ ಅನ್ಸಿತ್ತು! ಎರಡು ದಿನ ಬಿಟ್ಟು ಯೋಚನೆ ಮಾಡ್ದೆ, ಇಂದಿರಾಬಾಯಿ ಬರೆದೋರಿಗೆ ಸಮಾಜ ಹೀಗಾಗ್ಬೇಕು ಅಂತ ತೋರಿಸೋ ಆಸೆ, ಕೃಪಾಬಾಯಿಗೆ ಹೆಂಗಸಿನ ತಲೆಯೊಳಗೆ ಕೂತಿರೋ ಅತ್ತೆ ಅಷ್ಟು ಸುಲಭಕ್ಕೆ ಹೋಗಲ್ಲ ಅನ್ನೋದು ಗೊತ್ತು. ಇನ್ನೊಂದು ನೋಡು, ಬರೆದವಳು ಕ್ರೈಸ್ತಳು, ಕಮಲಾನ ಮತಾಂತರ ಮಾಡಿಸಿ ಶುಭಂ ಅನ್ನೋದು ಎಷ್ಟು ಸುಲಭ ಇತ್ತು. ಮಾಡ್ಲಿಲ್ಲ. ಕೃಪಾಬಾಯಿಯ ಸ್ವಂತ ಮಗೂನೂ ಹಸುಗೂಸಾಗಿದ್ದಾಗಲೇ ತೀರ್ಕೊಂಡಿತ್ತು, ಕಮಲಾ ಬರೆಯೋವಾಗ ಅವಳೇ ಖಾಯಿಲೆ ಬಿದ್ದಿದ್ಲು. ಅದೇ 1894ರಲ್ಲಿ ಕೂನೂರಲ್ಲಿ ಹೋಗ್ಬಿಟ್ಲು, ಬರೀ 32 ವರ್ಷ. ಸಗುಣಾ ಪುಸ್ತಕ ಆಗಿ ಬಂದದ್ದನ್ನ ಅವಳು ನೋಡ್ಲೇ ಇಲ್ಲ, ಅಲ್ಲೀವರೆಗೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜ್ ಪತ್ರಿಕೇಲಿ ಧಾರಾವಾಹಿ ಅಷ್ಟೆ.

ಇಂಗ್ಲಿಷ್ ಸ್ವಲ್ಪ ಉದ್ದುದ್ದ, ಬೆಟ್ಟ ಕಾಡು ವರ್ಣನೆ ಬಂದ್ರೆ ನಿಲ್ಲಿಸೋದೇ ಇಲ್ಲ, ಅಲ್ಲಿ ಬೇಕಾದ್ರೆ ಪುಟ ಹಾರಿಸು. ಆದ್ರೆ ಹೆಂಗಸರು ಒಟ್ಟಿಗೆ ಸೇರಿ ಮಾತಾಡೋ ಕಡೆ ಹಾರಿಸ್ಬೇಡ.

ಆಮೇಲೆ ನೂರು ವರ್ಷ ಯಾರೂ ಕೇಳಲಿಲ್ಲ ಅನ್ನೋ ಹಂಗಾಯ್ತು. 1991ರಲ್ಲಿ ಸೂಸಿ ತಾರು, ಕೆ. ಲಲಿತಾ ತಮ್ಮ ಮಹಿಳಾ ಬರಹಗಳ ಸಂಕಲನಕ್ಕೆ ಇವಳನ್ನ ಸೇರಿಸಿದ್ರು, 1998ರಲ್ಲಿ ಚಾಂದನಿ ಲೋಕುಗೆ ಸಂಪಾದಿಸಿ ಎರಡೂ ಕಾದಂಬರೀನ ಆಕ್ಸ್‌ಫರ್ಡ್‌ನವರು ಮತ್ತೆ ಅಚ್ಚು ಹಾಕಿದ್ರು. ನಾನು ಓದಿದ್ದು ಹಳೇ ಪ್ರತಿಯ ಸ್ಕ್ಯಾನು, ಫೋನಲ್ಲಿ, ಕಣ್ಣು ಉರಿದುಹೋಯ್ತು. ಫೈಲ್ ಕಳಿಸ್ತೀನಿ, ಕೊನೇ ಅಧ್ಯಾಯ ಓದಿದ ರಾತ್ರೀನೇ ಫೋನ್ ಮಾಡು, ಜಗಳ ಆಡೋಣ. ಇಂದಿರಾಬಾಯಿ ಮುಂದಿನ ಸಲ ವಾಪಸ್ ತರ್ತೀನಿ, ರಟ್ಟಿನ ಮೇಲೆ ಕಾಫಿ ಲೋಟದ ಗುರುತು ಬಿದ್ದಿದೆ, ಬೈಬೇಡ.

ನಿನ್ನ
ಗೆಳತಿ